ಒಗರು

"ಏನಲೇ ತಿಪ್ಪಿ, ಬಣ್ಣ ಬಳಿಯಾಕ ಹತ್ತಿಯೋ, ದೇವರಿಗೆ ಗಾಳಿ ಬೀಸಾಕ ಹತ್ತಿಯೋ? ಕೈಗೇನು ಲಕ್ವಾ ಹೊಡದೈತೇನು ಸೂಳೇಮಗಳ?"

ಬಾಗಿಲಲ್ಲಿ ನಿಂತು ಸಿದ್ದರಾಮೇಶ್ ಹೀಗೆ ಬೈಯುವಾಗ ತಿಪ್ಪಕ್ಕನ ಬ್ರಷ್ಷು ಬಸವಣ್ಣನ ಎಡಗೊಂಬಿನ ತಿರುವಿನಲ್ಲಿತ್ತು. ತಿರುವಿನಲ್ಲಿ ಬ್ರಷ್ಷು ನಿಂತರೆ ಅಲ್ಲೊಂದು ಗೆರೆ ಉಳಿದುಬಿಡುತ್ತದೆ. ಅದಕ್ಕೇ ಅವಳು ತಲೆಯೆತ್ತಲಿಲ್ಲ. ಕೊಂಬು ದಾಟಿಸಿ, ಕಿವಿ ದಾಟಿಸಿ, ಹಣೆಪಟ್ಟಿಯ ಸಣ್ಣ ತೂತಿನೊಳಕ್ಕೆ ಬ್ರಷ್ಷಿನ ತುದಿ ಇಳಿಸಿ ತೆಗೆದ ಮೇಲೆಯೇ "ಆಯ್ತು ಸಾವ್ಕಾರ್ರೆ" ಅಂದಳು.

"ಆಯ್ತಂತ! ಹನ್ನೆರಡ್ರಾಗ ಒಂದು ಬಳದು ಆಯ್ತಂತಾಳ. ಹನ್ನೊಂದಕ್ಕ ಮಠದ ಅಯ್ಯೋರು ನೋಡಾಕ ಬರ್ತಾರ. ಬಂದಾಗ ಹಲ್ಲು ಕಿಸ್ಕಂಡು ಮುಂದ ನಿಂದ್ರಬ್ಯಾಡ. ಹಿತ್ಲಾಗ ಹೋಗಿ ಕುಂದ್ರು. ನಿನ್ನ ಮಾರಿ ಅವ್ರಿಗೆ ಕಾಣಬಾರ್ದು. ತಿಳೀತಿಲ್ಲ?"

"ತಿಳೀತು."

ಸಿದ್ದರಾಮೇಶ್ ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು, ಮಡಿಸಿ ದವಡೆಗೆ ಒತ್ತಿಕೊಂಡು ಮನೆಯ ಕಡೆ ಹೋದ. ಮನೆ ಮುಂದೆ, ಷೆಡ್ಡು ಹಿಂದೆ. ನಡುವೆ ಒಂದು ಬೇವಿನ ಮರ.

ಆ ಷೆಡ್ಡು ಹಿಂದೆ ಜೀನ್ಸ್ ಹೊಲಿಯುತ್ತಿದ್ದ ಷೆಡ್ಡು. ರಾಯದುರ್ಗದಲ್ಲಿ ಅಂಥವು ಬೀದಿಗೆ ನಾಲ್ಕು. ಪ್ಯಾಂಟಿನ ವ್ಯಾಪಾರ ಕೈಕೊಟ್ಟ ವರ್ಷ ಅವನು ಹೊಲಿಗೆ ಮಿಶಿನ್ನುಗಳನ್ನು ಮಾರಿ ಎರಡು ಗರಗಸ ತಂದು ನಿಲ್ಲಿಸಿದ್ದ. ನೂಲೆಳೆಯಂಥ ಬ್ಲೇಡು ಮೇಲಕ್ಕೂ ಕೆಳಕ್ಕೂ ಕುಣಿಯುತ್ತದೆ. ಹಲಗೆಯನ್ನು ಅದರ ಬಾಯಿಗೆ ತಿರುಗಿಸಿ ತಿರುಗಿಸಿ ಕೊಟ್ಟರೆ ಬಳ್ಳಿ, ಬಿಲ್ವಪತ್ರೆ, ಗಣಪ, ಗಡಿಯಾರದ ಚೌಕಟ್ಟು, ಮನೆಯ ಹೆಸರು, ಏನು ಬೇಕಾದರೂ ಜಾಲರಿಯಾಗಿ ಹೊರಬರುತ್ತದೆ. ಪ್ಯಾಂಟಿನ ಜೇಬು ತಿರುಗಿಸಿ ಹೊಲಿಯುತ್ತಿದ್ದ ಯರ್ರಿಸ್ವಾಮಿಗೆ ಹಲಗೆ ತಿರುಗಿಸುವುದು ಹದಿನೈದು ದಿನದಲ್ಲಿ ಒಲಿಯಿತು. ಒಲಿಯದೆ ಉಳಿದದ್ದು ಬಣ್ಣ.

ತಂದದ್ದೆಲ್ಲ ಬಿಳೀ ಕಟ್ಟಿಗೆ. ಹಾಲಿನ ಕೆನೆಯಂಥ ಪಾಲೆ ಮರ, ಪ್ಯಾಕಿಂಗ್ ಪೆಟ್ಟಿಗೆ ಒಡೆದು ತೆಗೆದ ಪೈನು. ಕೊಯ್ಯಲು ಬೆಣ್ಣೆ, ಬಳಿಯಲು ಶನಿ. ತೇಗದ ಹಾಗೆ ಅದು ಬಣ್ಣವನ್ನು ಸಮನಾಗಿ ಕುಡಿಯುವುದಿಲ್ಲ. ರಚ್ಚೆ ಹಿಡಿದ ಕೂಸಿನಂತೆ ಒಂದು ಕಡೆ ಗಟಗಟ ಹೀರಿ, ಇನ್ನೊಂದು ಕಡೆ ಮುಖ ತಿರುಗಿಸುತ್ತದೆ. ನಕ್ಷೆಯ ಕಾಗದ ಅಂಟಿಸಿದ ಗೋಂದು ಸಾಸಿವೆಯಷ್ಟು ಉಳಿದರೂ ಅಲ್ಲಿ ಬಣ್ಣ ಹತ್ತದೆ ತೊನ್ನಿನ ಹಾಗೆ ಕಾಣುತ್ತದೆ. ಬೆಂಗಳೂರಿಂದ ತರಿಸಿದ ಡಬ್ಬಿ ಬಣ್ಣ ಬಳಿದ ಮೊದಲ ಲೋಡು ಪೂರಾ ವಾಪಸ್ಸು ಬಂತು. ಆವತ್ತು ಮೂಲೆಯಲ್ಲಿ ಕುಂತು ಮರಳುಕಾಗದ ಉಜ್ಜುತ್ತಿದ್ದ ತಿಪ್ಪಕ್ಕ ಬಾಯಿ ಬಿಟ್ಟಳು. "ಆ ಬಾಯಿ ಬಿಟ್ಟಿದ್ದ ನಿನ್ನ ತಪ್ಪು ನೋಡಬೇ" ಎಂದು ಯರ್ರಿಸ್ವಾಮಿ ಆಮೇಲೆ ಎಷ್ಟೋ ಸಲ ಅಂದಿದ್ದ.

ಅವಳ ತವರು ಮಡಕಶಿರದಾಚೆ, ರೊಳ್ಳದ ಹತ್ತಿರ. ಅಪ್ಪ ಲಕ್ಷ್ಮೀನರಸಪ್ಪ ತೊಗಲು ಹದ ಮಾಡುತ್ತಿದ್ದ. ತಂಗಡಿ ಗಿಡದ ಒಗರು ತೊಗಟೆ ನೆನೆಸಿದ ಬಾನಿಯಲ್ಲಿ ತೊಗಲು ಮುಳುಗಿಸಿ, ತುಕ್ಕು ಕಬ್ಬಿಣವನ್ನು ಹುಳಿಗಂಜಿಯಲ್ಲಿ ಕೊಳೆಹಾಕಿದ ನೀರನ್ನು ಮೇಲೆ ಬಳಿದರೆ ತೊಗಲು ಇದ್ದಿಲಾಗುತ್ತಿತ್ತು. "ಒಗರಿಗೂ ಕಬ್ಬಿಣಕ್ಕೂ ಹುಟ್ಟಾ ಜಗಳ ಕಣವ್ವ. ಎರಡೂ ಎದುರಾದ್ರೆ ಕಪ್ಪು" ಅನ್ನುತ್ತಿದ್ದ. ಬಿಳೀ ಕಟ್ಟಿಗೆಯಲ್ಲಿ ಒಗರಿಲ್ಲ. ಬರೀ ತುಕ್ಕುನೀರು ಬಳಿದರೆ ಅದು ಕಪ್ಪಾಗದೆ ಮೆಲ್ಲಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅಂಚಿಗೂ ನಡುವಿಗೂ ಒಂದೇ ಸಮ. ಮುರಿದ ಗರಗಸದ ಬ್ಲೇಡುಗಳನ್ನೇ ಒಂದು ಮಡಕೆಯಲ್ಲಿ ಕೊಳೆಹಾಕಿ ತಿಪ್ಪಕ್ಕ ಅದನ್ನು ಮಾಡಿ ತೋರಿಸಿದಳು. ಕರಿ ಬೇಕೆಂದವರಿಗೆ ಮೊದಲು ತಂಗಡಿ ನೀರು, ಆಮೇಲೆ ತುಕ್ಕುನೀರು.

ಸಿದ್ದರಾಮೇಶ್ ಬೂದಿ ಬಣ್ಣಕ್ಕೆ ವಿಭೂತಿ ಫಿನಿಶ್ ಎಂದು ಹೆಸರಿಟ್ಟ. ಫೋನಿನಲ್ಲಿ ವಿಡಿಯೊ ಬಿಟ್ಟ. ಭಸ್ಮ, ಗೋಮೂತ್ರ, ಸ್ನಾನ ಮಾಡಿ ಮಡಿಯಲ್ಲಿ ಕುಂತು ಕಲಸಿದ್ದು ಎಂದ. ಬಳ್ಳಾರಿಯಿಂದ, ಹಿಂದೂಪುರದಿಂದ ಆರ್ಡರು ಬಂದವು. ಈಗ ಊರಾಚೆಯ ಮಠದವರದು: ಹೊಸ ಪೂಜಾಮಂಟಪದ ಸುತ್ತ ಕೂರಿಸಲು ಹನ್ನೆರಡು ಜಾಲರಿ ಫಲಕ, ಒಂದೊಂದರಲ್ಲೂ ಒಬ್ಬ ಬಸವಣ್ಣ. ನಾಳೆ ಬೆಳಿಗ್ಗೆ ಅಲ್ಲಿ ದೊಡ್ಡವರೆಲ್ಲ ಸೇರುತ್ತಾರೆ.

ತಿಪ್ಪಕ್ಕ ಎರಡನೆಯ ಫಲಕವನ್ನು ತೊಡೆಯ ಮೇಲೆ ಎಳೆದುಕೊಂಡಳು. ತುಕ್ಕುನೀರು ಬಳಿದ ಕೂಡಲೇ ಏನೂ ಕಾಣುವುದಿಲ್ಲ. ಒಂದು ಬೀಡಿ ಸೇದುವಷ್ಟು ಹೊತ್ತು ಕಟ್ಟಿಗೆ ಬರೀ ಒದ್ದೆಯಾಗಿರುತ್ತದೆ, ಆಮೇಲೆ ಒಳಗಿನಿಂದ ಬಣ್ಣ ಏಳುತ್ತದೆ. ಬಳಿದು, ಗೋಡೆಗೆ ಒರಗಿಸಿ, ಮೂರನೆಯದಕ್ಕೆ ಕೈಹಾಕಿದಳು. ಎದುರಿಗೆ ಕುಂತು ಅಂಚು ಉಜ್ಜುತ್ತಿದ್ದ ಸರ್ವಮಂಗಳಮ್ಮ "ಶಿವಶಿವಾ!" ಎಂದು ಎದೆ ಮೇಲೆ ಕೈಯಿಟ್ಟುಕೊಂಡಳು.

ಬೂದಿ ಬಣ್ಣ ಏರುತ್ತಿದ್ದ ಬಸವಣ್ಣನ ಡುಬ್ಬದ ಮೇಲೆ ನಾಲ್ಕು ಬೆರಳು ಏಳುತ್ತಿದ್ದವು. ಮೊದಲು ನೆರಳಿನಂತೆ, ಆಮೇಲೆ ಮಸಿಯಂತೆ. ಹೆಬ್ಬೆರಳು ಕೊರಳಿನ ಗಂಟೆಯ ಮೇಲೆ. ನೋಡನೋಡುತ್ತಿದ್ದಂತೆ ಬೆರಳಿನ ಸುರುಳಿ ಸುರುಳಿ ಗೆರೆಗಳೂ ಒಂದೊಂದಾಗಿ ಬಿಡಿಸಿಕೊಂಡು ಕಪ್ಪಗೆ ನಿಂತವು.

ಸರ್ವಮಂಗಳಮ್ಮನ ಕೂಗಿಗೆ ಸಿದ್ದರಾಮೇಶ್ ಓಡಿ ಬಂದ. ಫಲಕ ನೋಡಿದ. ತಿಪ್ಪಕ್ಕನನ್ನು ನೋಡಿದ.

"ಕೈ ತೋರ್ಸಲೇ."

ತೋರಿಸಿದಳು. ಎರಡು ವರ್ಷದ ತಂಗಡಿ, ಎರಡು ವರ್ಷದ ತುಕ್ಕು. ಮುಂಗೈಯವರೆಗೂ ಇದ್ದಿಲು. ಉಗುರಿನ ಸಂದು, ಗೀರು, ಬಿರುಕು, ಎಲ್ಲ ಕಪ್ಪು. ಸೀಗೆಪುಡಿ, ಸೀಮೆಎಣ್ಣೆ, ಹುಣಸೆಹುಳಿ, ಯಾವುದಕ್ಕೂ ಹೋಗದ ಕಪ್ಪು.

"ಕರೇ ಕೈ, ಕರೇ ಗುರ್ತು. ಇನ್ನೇನಲೇ ಬೇಕು ಸಾಕ್ಷಿ? ದೇವರ ಮ್ಯಾಲ ಅಂಗೈ ಊರೀಯಲ್ಲಲೇ ಹಡಬಿಟ್ಟಿ! ಮಾದಿಗರಿಗಿ ಅನ್ನ ಹಾಕಬ್ಯಾಡ ಅಂತ ನಮ್ಮಪ್ಪ ಬಡಕಂಡ, ನಾ ಕೇಳಲಿಲ್ಲ."

ಮುಟ್ಟದೆ ಹೊಡೆಯುವುದು ಅವನಿಗೆ ಗೊತ್ತಿತ್ತು. ಮೂಲೆಯಲ್ಲಿದ್ದ ಎರಡು ಮೊಳದ ಕಟ್ಟಿಗೆ ಪಟ್ಟಿ ಎತ್ತಿಕೊಂಡು ಚಾಚಿದ ಆ ಕೈಗಳ ಮೇಲೆ ಎರಡು ಸಲ ಬಾರಿಸಿದ. ಬಾರಿಸಿ, ಪಟ್ಟಿಯನ್ನು ಸರ್ವಮಂಗಳಮ್ಮನಿಂದ ದೂರಕ್ಕೆ ಎಸೆದ.

ತಿಪ್ಪಕ್ಕ ಕೈ ಒಳಗೆ ಎಳೆದುಕೊಂಡು ಫಲಕವನ್ನೇ ನೋಡುತ್ತಿದ್ದಳು. ಅವಳ ಕಪ್ಪು ಕುಂತುಬಿಟ್ಟ ಕಪ್ಪು. ಅದು ಯಾವುದಕ್ಕೂ ಅಂಟುವುದಿಲ್ಲ, ಅನ್ನ ಕಲಸಿದರೂ ಅನ್ನಕ್ಕೆ ಹತ್ತುವುದಿಲ್ಲ. ಇದು ಬೇರೆ. ತುಕ್ಕುನೀರು ಬೀಳುವ ಮೊದಲೇ ಆ ಜಾಗದಲ್ಲಿ ಒಗರಿತ್ತು. ತಂಗಡಿಯ ಮಡಕೆಗೆ ಈ ವಾರ ಯಾರೂ ಕೈ ಹಾಕಿಲ್ಲ. ಅವಳ ಕಣ್ಣು ತಾನಾಗಿ ಸಿದ್ದರಾಮೇಶನ ಬಲಗೈಗೆ ಹೋಯಿತು. ಎಲೆಯ ಚೂರು, ಸುಣ್ಣ, ಅಡಿಕೆಯ ಬಣ್ಣವಿಲ್ಲದ ಜಿಗುಟು. ನಿನ್ನೆ ಸಂಜೆ ವಿಡಿಯೊ ಮಾಡುವಾಗ ಈ ಕೈಯೇ ಫಲಕಗಳನ್ನು ಒಂದೊಂದಾಗಿ ಎತ್ತಿ, ತಟ್ಟಿ, ಸವರಿ ತೋರಿಸಿತ್ತು.

"ಅದು ಅಡಿಕೆ ಒಗರು ಕಣ್ ಸಾವ್ಕಾರ್ರೆ" ಅಂದಳು ಮೆಲ್ಲಗೆ.

"ಏನಂದಿ?"

"ಅಡಿಕೆ ಒಗರು. ಕಬ್ಬಿಣದ ನೀರು ತಾಗಿ ಎದ್ದೈತೆ. ನಾನು ಎಲೆ ಅಡಿಕೆ ಹಾಕಾಕಿಲ್ಲ."

ಗರಗಸ ನಿಂತಿತ್ತು. ಯರ್ರಿಸ್ವಾಮಿ ಎದ್ದು ಬಂದು, ಫಲಕದ ಮುಂದೆ ಕುಕ್ಕರುಗಾಲಲ್ಲಿ ಕುಂತು ಒಂದು ಕಣ್ಣು ಮುಚ್ಚಿ ನೋಡಿದ.

"ಸಾವ್ಕಾರ್ರ, ಇದರಾಗ ಗೆರಿ ಅದಾವ ನೋಡ್ರಿ. ಚಕ್ರ ಬಿದ್ದೈತಿ. ಈಕಿ ಬೆಳ್ಳಾಗ ಗೆರಿ ಎಲ್ಲಿ ಅದಾವ್ರಿ? ಮರಳುಕಾಗದ ತಿಂದು ಹಾಕೈತಿ. ರೇಷನ್ ಮಿಶಿನ್ನು ಈಕಿ ಬೆಳ್ಳು ತಗಳಂಗಿಲ್ಲ. ಆರು ತಿಂಗಳಾತು, ಕಣ್ಣು ತೋರ್ಸಿ ಅಕ್ಕಿ ತರ್ತಾಳ."

"ಲೇ ಯರ್ರಿ, ನೀ ಯಾವಾಗಲೇ ಎಸ್ಸೈ ಆದಿ? ನಿಮ್ಮವ್ವನ, ಹೋಗಿ ಗರಗಸದ ಮುಂದ ಕುಂದ್ರಲೇ!"

ಯರ್ರಿಸ್ವಾಮಿ ಹೋಗಿ ಕುಂತ. ಕುಂತು, ಮಿಶಿನ್ನು ಹಾಕದೆ, ಬ್ಲೇಡನ್ನು ಬೆರಳಲ್ಲಿ ಮೀಟಿದ. ತಂತಿಯ ಹಾಗೆ ಅದು ಟಿಂಯ್ ಅಂದಿತು. ಸಿದ್ದರಾಮೇಶ್ ಯಾರಿಗೂ ಕಾಣದಂತೆ ತನ್ನ ಬಲಗೈಯ ಬೆರಳುಗಳನ್ನು ಅಂಗಿಯ ಚುಂಗಿಗೆ ಒರೆಸಿದ. ಸರ್ವಮಂಗಳಮ್ಮ ನೋಡಿದಳು, ನೋಡಿ ನೆಲ ನೋಡಿದಳು. ಇಬ್ಬರನ್ನೂ ತಿಪ್ಪಕ್ಕ ನೋಡಿದಳು.

ಆಗಲೇ ಮನೆಯ ಮುಂದೆ ಜೀಪು ನಿಂತ ಸದ್ದಾಯಿತು. ಹನ್ನೊಂದಕ್ಕೆ ಬರುತ್ತೇನೆಂದ ಅಯ್ಯನವರು ಹತ್ತಕ್ಕೇ ಬಂದಿದ್ದರು.

ಸಿದ್ದರಾಮೇಶ್ ಒಂದು ಗೋಣಿಚೀಲ ಕಿತ್ತು ಫಲಕದ ಮೇಲೆ ಎಸೆದು, ತಿಪ್ಪಕ್ಕನನ್ನು ಹಿತ್ತಲ ಬಾಗಿಲಿಗೆ ಅಟ್ಟಿದ. ಹಿಂದೆಯೇ ಬಂದ. ದನಿ ಬದಲಾಗಿತ್ತು.

"ತಿಪ್ಪಕ್ಕಾ."

ಎರಡು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಆ ಹೆಸರು ಪೂರ್ತಿ ಬಂದಿತ್ತು. ಅವಳಿಗೆ ಹೆದರಿಕೆಯಾಯಿತು.

"ಕಾಣಸಲಿಲ್ಲ ಅಂದ್ರ ಚಲೋ. ಕಂಡು ಕೇಳಿದ್ರ, ನನ್ನ ಕೈ ಬಿತ್ರಿ ಅಂದುಬಿಡು. ಎಂಜಲ ಕೈ ಅಂದ್ರ ನಾ ಆ ಮಠದ ಮೆಟ್ಲು ಹತ್ತಂಗಿಲ್ಲ. ನಮ್ಮ ಮಂದ್ಯಾಗ ಹೆಣ್ಣು ಕೊಡಂಗಿಲ್ಲ, ತರಂಗಿಲ್ಲ. ಮೈಲಿಗಿ ಅಂದ್ರ ಏನೈತಿ? ನಾಲ್ಕು ಹನಿ ನೀರು ಚಿಮುಕಿಸಿ ಒಯ್ತಾರ. ಮೈಲಿಗಿಗಿ ಶಾಂತಿ ಐತಿ, ಎಂಜಲಿಗಿ ಇಲ್ಲ. ನಿನಗೇನು ಹೊಸಾದಾ?"

ಅವಳು ಹೊಡೆತ ತಿಂದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಒಲ್ಲೆ ಅಂದಿ ಅಂದ್ರ ಇವತ್ತೇ ಹೊಂಡು. ಯಾವ ಗಾರ್ಮೆಂಟ್ಸಿನ್ಯಾಗ ತಗಂತಾರ ತಗಳ್ಳಿ ಈ ಕೈನ."

ಅದು ಅವನಿಗೆ ಗೊತ್ತಿತ್ತು. ದೀಪಾವಳಿಗೆ ಮುಂಚೆ ತಿಪ್ಪಕ್ಕ ಅವನಿಗೆ ಹೇಳದೆ ಒಂದು ಷರಟಿನ ಫ್ಯಾಕ್ಟರಿಗೆ ಹೋಗಿದ್ದಳು. ದಾರ ಕತ್ತರಿಸುವ ಕೆಲಸ. ಸಾಲಿನಲ್ಲಿ ನಿಂತವರನ್ನು ನೋಡುತ್ತ ಬಂದ ಸೂಪರ್‌ವೈಸರ್ ಹುಡುಗಿ ಇವಳ ಹತ್ತಿರ ನಿಂತು, "ಚೇತುಲು ಚೂಪಿಂಚು" ಎಂದು ತೆಲುಗಿನಲ್ಲಿ ಕೈ ತೋರಿಸಲು ಹೇಳಿ, ನೋಡಿ, "ಅಮ್ಮಾ ತಲ್ಲೀ, ಇಲ್ಲಿ ಬಿಳೇ ಬಟ್ಟಿ ನಡೀತದ" ಎಂದು ಕೈ ಮುಗಿದಿದ್ದಳು. ಅಂಟುವುದಿಲ್ಲ ಎಂದು ಇವಳು ಅಲ್ಲೇ ಬಿದ್ದಿದ್ದ ಚಿಂದಿಗೆ ಅಂಗೈ ಉಜ್ಜಿ ತೋರಿಸಿದಳು. ಚಿಂದಿ ಬೆಳ್ಳಗೇ ಇತ್ತು. "ಅಂಟೋದಿಲ್ಲ ಸರಿ, ಆದ್ರ ಮಾಲು ಕೊಳ್ಳಾಕ ಬರೋ ಬಯರ್ಸ್ ನೋಡ್ತಾರಲ್ಲ" ಅಂದಳು ಹುಡುಗಿ. ಎರಡನೆಯ ಫ್ಯಾಕ್ಟರಿಯಲ್ಲಿ ಗೇಟಿನ ವಾಚ್‌ಮನ್ನೇ ಸಾಕಾದ. ಅದಾದ ಮರುದಿನ ಷೆಡ್ಡಿಗೆ ಬಂದಾಗ ಸಿದ್ದರಾಮೇಶ್ ನಗುತ್ತ, "ಬಂದೇನಲೇ? ನಿನ್ನ ಕೈಗೆ ನಾನೇ ಗಂಡ" ಅಂದಿದ್ದ. ತಾಳಿ ಕಟ್ಟಿದ ಗಂಡ, ತಿರುಪತಿ, ಬೆಂಗಳೂರಿನ ಸೆಂಟ್ರಿಂಗ್ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿದ್ದು ಬೀದಿಗೆಲ್ಲ ಗೊತ್ತಿತ್ತು.

ಅಯ್ಯನವರ ಕೆಮ್ಮು ಕೇಳಿ ಸಿದ್ದರಾಮೇಶ್ ಓಡಿದ. ನೀರಿನ ನೆಪದಲ್ಲಿ ಸರ್ವಮಂಗಳಮ್ಮ ಹಿತ್ತಲಿಗೆ ಬಂದಳು. ಅವಳೂ ಅವರ ಪೈಕಿಯೇ, ಗಂಡ ಸತ್ತವಳು, ಸಿದ್ದರಾಮೇಶನ ಮನೆಯ ತಂಗಳಲ್ಲಿ ಬದುಕುವವಳು.

"ಅಂದುಬಿಡ ತಂಗಿ. ಒಂದು ಮಾತು. ಮಾತಿಗೇನು ತೂಕ ಐತಾ?"

"ನೀನು ನೋಡ್ದಲ್ಲಕ್ಕ, ಸಾವ್ಕಾರ ಅಂಗೀಗೆ ಬೆಳ್ಳು ಒರೆಸಿಕೊಂಡಿದ್ದನ್ನ?"

"ನೋಡೀನಿ."

"ಅದನ್ನೇ ನೀನು ಅಂದುಬಿಡು ಹಂಗಾರೆ. ಮಾತಿಗೇನು ತೂಕ?"

ಸರ್ವಮಂಗಳಮ್ಮ ತಂಬಿಗೆ ತುಂಬಿಸಿಕೊಂಡಳು. "ನಂಗೂ ಇನ್ನೊಂದು ಮನಿ ಇಲ್ಲವ್ವ" ಅಂದು ಒಳಗೆ ಹೋದಳು.

ಮಠದ ಪಾರುಪತ್ಯ ನೋಡುವ ಚನ್ನಬಸವಯ್ಯನವರು ಜೋರು ಮಾತಿನವರಲ್ಲ. ಹೆಜ್ಜೆಯೂ ಮೆಲ್ಲಗೆ. ಒಣಗಿ ಬೂದಿಯಾಗಿ ನಿಂತಿದ್ದ ಮೊದಲ ಫಲಕವನ್ನು ಕಂಡು ಅವರ ಮುಖ ಅರಳಿತು. ಅದರ ಮೇಲೆ ಬೆರಳಾಡಿಸಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

"ಭಸ್ಮ ಧರಿಸಿದಂಗ ಐತಲ್ಲಪಾ ಸಿದ್ದರಾಮೇಶಪ್ಪ! ಮುಟ್ಟಿದ್ರ ತಂಪು."

"ಎಲ್ಲಾ ಮಡಿಲೆ ಮಾಡಿಸಿದ್ದುರಿ. ನಮ್ಮ ಮಂದೀನೇ."

"ಒಂದು ಇಲ್ಲೈತಿ. ಹತ್ತು ಹಸೀವು ಅಲ್ಲದಾವ. ಹನ್ನೆರಡು ಅಂದಿದ್ರಿ?"

ಸಿದ್ದರಾಮೇಶನ ಬಾಯಲ್ಲಿ ಎಲೆ ಅಡಿಕೆ ಅಲ್ಲಾಡದೆ ನಿಂತಿತು. ಅಯ್ಯನವರು ಗೋಣಿ ಎತ್ತಿದರು.

ಹಿತ್ತಲ ಬಾಗಿಲ ಸಂದಿಯಿಂದ ತಿಪ್ಪಕ್ಕ ನೋಡುತ್ತಿದ್ದಳು. ಗೋಣಿಯ ಕೆಳಗೆ ಬೆವೆತು ಆ ಬೆರಳುಗಳು ಇನ್ನಷ್ಟು ಗಟ್ಟಿಯಾಗಿದ್ದವು.

"ಏನಿದು?"

"ಅಯ್ಯೋರ, ತಪ್ಪಾಗೈತ್ರಿ. ಹಿತ್ಲು ಗುಡಿಸಾಕ ಒಬ್ಬಾಕಿ ಇದಾಳ್ರಿ. ನಾ ಇಲ್ಲದಾಗ ಒಳಗ ಬಂದು ಮುಟ್ಟಿಬಿಟ್ಟಾಳ. ಈಗಷ್ಟೇ ಬಡದೀನಿ. ಏಯ್, ಬಾರಲೇ ಇಲ್ಲಿ!"

ತಿಪ್ಪಕ್ಕ ಹೊಸ್ತಿಲಿಗೆ ಬಂದು ನಿಂತಳು. ಅಯ್ಯನವರು ಅವಳ ಕೈ ನೋಡಿದರು. ಸಿಟ್ಟಾಗಲಿಲ್ಲ. ಮಗ್ಗಿ ತಪ್ಪಿದ ಮಗುವನ್ನು ಕೇಳುವ ಹಾಗೆ ಕೇಳಿದರು.

"ಯಾರ ಪೈಕಿವ್ವ ನೀನು?"

"ಮಾದಿಗರು ಸ್ವಾಮಿ. ರೊಳ್ಳದ ಕಡೆ."

"ಮುಟ್ಟಿದ್ದು ಹೌದಾ? ಸುಳ್ಳು ಹೇಳಬಾರ್ದು. ದೇವರ ವಸ್ತು."

ಸಿದ್ದರಾಮೇಶ್ ಅಯ್ಯನವರ ಬೆನ್ನ ಹಿಂದಿನಿಂದ ಅವಳಿಗೆ ಕಣ್ಣಲ್ಲೇ ಬಾಗಿಲು ತೋರಿಸಿದ. ಹೌದು ಅನ್ನು, ಇಲ್ಲಾ ಆ ಬಾಗಿಲು. ಸರ್ವಮಂಗಳಮ್ಮ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು.

"ಮುಟ್ಟಿವ್ನಿ ಸ್ವಾಮಿ" ಅಂದಳು ತಿಪ್ಪಕ್ಕ.

ಸಿದ್ದರಾಮೇಶನ ಹೆಗಲು ಇಳಿಯಿತು.

"ಹನ್ನೆರಡನ್ನೂ ಮುಟ್ಟಿವ್ನಿ. ಮುಟ್ದಲೆ ಬಣ್ಣ ಹೆಂಗೆ ಹತ್ತುತ್ತೆ? ಉಜ್ಜಿದ್ದು ನಾನು, ಗೋಂದು ಕೆರೆದಿದ್ದು ನಾನು, ನೀರು ಹಚ್ಚಿ ಕಟ್ಟಿಗೆ ನವಿರೆಬ್ಬಿಸಿ ಮತ್ತೆ ಉಜ್ಜಿದ್ದು ನಾನು. ನೀವು ಕಣ್ಣಿಗೊತ್ಕಂಡ್ರಲ್ಲ, ಅದು ಗೋಮೂತ್ರ ಅಲ್ಲ, ಭಸ್ಮಾನೂ ಅಲ್ಲ. ನಮ್ಮಪ್ಪ ತೊಗಲು ಕರಿ ಮಾಡ್ತಿದ್ದ ತುಕ್ಕುನೀರು. ನಂದು ಅಂದ್ರೆ ಎಲ್ಲಾನೂ ನಂದೇ. ಆದ್ರೆ ಆ ಬೆಳ್ಳು ನಂದಲ್ಲ."

ಚನ್ನಬಸವಯ್ಯನವರ ಕೈ ತಾನಾಗಿ ಕಣ್ಣಿನ ಕಡೆ ಏರಿ, ಅರ್ಧದಲ್ಲಿ ನಿಂತಿತು. ಹನ್ನೆರಡು ಫಲಕ ನೋಡಿದರು. ನಾಳೆಯ ದಿನ ನೋಡಿದರು. ಹಂಚಿ ಮುಗಿದ ಆಹ್ವಾನ ಪತ್ರಿಕೆಗಳನ್ನು, ಬರಲಿರುವ ದೊಡ್ಡವರನ್ನು ನೋಡಿದರು. ಆಮೇಲೆ ಸಿದ್ದರಾಮೇಶನ ಕಡೆ ತಿರುಗಿದರು.

"ಮನ್ಯಾಗ ಕುಂತು ಮ‍ಾತಾಡೋಣ ನಡೀರಿ. ಬಣ್ಣದ ಸುದ್ದಿ ಈ ಷೆಡ್ ದಾಟಬಾರ್ದು. ಬೆಳ್ಳಿನದಕ್ಕ ಆಕಿ ಕಡೆಯಿಂದ ಒಂದು ತಪ್ಪೊಪ್ಪಿಗಿ ಬರೆಸಿ ಹೆಬ್ಬೆಟ್ಟು ತಗೋರಿ. ನಾಳೆ ಯಾರಾದ್ರೂ ಕೇಳಿದ್ರ ಕಾಗದ ಇರ್ಬೇಕು. ಹೊತ್ತು ಮುಳುಗೂದ್ರೊಳಗ ಶುದ್ಧಿ ಮಾಡಿಸ್ತೀವಿ. ಅಲ್ಲಿ ತಂಕ ಈಕಿ ಎಲ್ಲೂ ಹೋಗಿ ಬಾಯಿ ಬಿಡಬಾರ್ದು."

"ನಾ ಒತ್ತಾಕಿಲ್ಲ" ಅಂದಳು ತಿಪ್ಪಕ್ಕ.

ಅವರು ಆಗಲೇ ಬಿಸಿಲಿಗೆ ಇಳಿದಿದ್ದರು.

ಸಿದ್ದರಾಮೇಶ್ ಯರ್ರಿಸ್ವಾಮಿಯನ್ನು ಹೊಸ ಹಲಗೆ ತರಲು ಸಾಮಿಲ್ಲಿಗೆ ಅಟ್ಟಿದ. ಹೋಗುವಾಗ ಯರ್ರಿಸ್ವಾಮಿ ತಿಪ್ಪಕ್ಕನ ಹತ್ತಿರ ಹಾದು, "ಹೆಬ್ಬೆಟ್ಟು ಒತ್ತಿದ್ರೂ ಬರೀ ಚುಕ್ಕಿ ಬೀಳ್ತೈತಿ ಬಿಡು, ಎಮ್ಮಿ ಕಣ್ಣಿದ್ದಂಗ" ಅಂದ. ನಗಿಸಲು ಅಂದದ್ದು. ಅವನೂ ನಗಲಿಲ್ಲ. ಸರ್ವಮಂಗಳಮ್ಮನನ್ನು ಕಾಫಿ ಕಾಸಲು ಮನೆಗೆ ಕರೆದರು. ತಿಪ್ಪಕ್ಕ ಒಳಗೇ ಉಳಿಯುವಂತೆ ಹಿತ್ತಲ ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ಸಿದ್ದರಾಮೇಶ್ ನೆಲದ ಮೇಲಿದ್ದ ಅವಳ ಫೋನನ್ನು ಕಟ್ಟಿಗೆ ಪಟ್ಟಿಯ ತುದಿಯಿಂದ ತನ್ನ ಕಡೆ ಎಳೆದುಕೊಂಡು ಜೇಬಿಗೆ ಹಾಕಿದ.

"ಕೇಳಲೇ. ಕಾಗದ ತರ್ತೀನಿ, ಒತ್ತಿದ್ರ ಹೊರಗ, ಇಲ್ಲಾಂದ್ರ ಇಲ್ಲೇ ಕೊಳಿ. ಸುಮ್ನ ಕುಂದ್ರಬ್ಯಾಡ. ಉಳದ ಹತ್ತು ಬಳಿ. ನಾವು ಬರೂದ್ರೊಳಗ ಎಲ್ಲಾ ಬೂದಿ ಆಗಿರ್ಬೇಕು. ಅಯ್ಯೋರು ನೋಡೇ ಹೋಗಾವ್ರು."

ಷಟರು ಧಡಧಡ ಇಳಿಯಿತು. ಕೀಲಿ ತಿರುಗಿತು.

ತಗಡಿನ ಮಾಡು ಬಿಸಿಲಿಗೆ ಕಾಯುತ್ತಿತ್ತು. ಜೀನ್ಸ್ ಹೊಲಿಯುವಾಗ ದೂಳು ಬರಬಾರದೆಂದು ಕಿಟಕಿಗಳಿಗೆ ಇಟ್ಟಿಗೆ ಕಟ್ಟಿದ್ದರು. ಬಾಗಿಲ ಕೆಳಗೆ ಒಂದು ಬೆರಳಗಲ ಬಿಸಿಲು, ಮೇಲೆ ಒಂದು ಮಂಕು ಬಲ್ಬು, ಅಷ್ಟೇ ಬೆಳಕು. ತಿಪ್ಪಕ್ಕ ಷಟರಿಗೆ ಎರಡು ಸಲ ಗುದ್ದಿದಳು. ಆ ಕಡೆ ಬೇವಿನ ಮರದಲ್ಲಿ ಕಾಗೆ ಹಾರಿದ ಸದ್ದು, ಅಷ್ಟೇ. ಕೂಗಿದರೆ ಕೇಳುವವರು ಯಾರು? ಬೀದಿಯಲ್ಲಿ ಹತ್ತು ಮಿಶಿನ್ನು ಓಡುತ್ತಿವೆ. ಕೇಳಿದರೂ, ಸಾವ್ಕಾರನ ಷೆಡ್ಡಿನ ಕೀಲಿ ತೆಗೆಯುವವರು ಯಾರು? ವಾಪಸ್ಸು ಬಂದು ಫಲಕಗಳ ನಡುವೆ ಕುಂತಳು. ಹೊಡೆತ ಬಿದ್ದ ಕೈ ಊದಿತ್ತು. ಕಪ್ಪಿನ ಮೇಲೆ ಬಾಸುಂಡೆಯೂ ಕಾಣುತ್ತಿರಲಿಲ್ಲ.

ಗಂಟಲೊಣಗಿ ಎದ್ದಳು. ಅವಳ ಚೊಂಬು ಹಿತ್ತಲಲ್ಲಿತ್ತು, ಇಲ್ಲಿದ್ದದ್ದು ಅವರ ಕೊಡ. ಬಗ್ಗಿ, ಕೊಡ ಎತ್ತಿ, ಗಟಗಟ ಕುಡಿದಳು. ಎದೆಯ ಮೇಲೆಲ್ಲ ಚೆಲ್ಲಿಕೊಂಡಳು. ಆಮೇಲೆ ಅಭ್ಯಾಸದ ಬಲದಿಂದ ಮೂರನೆಯ ಫಲಕವನ್ನು ತೊಡೆಗೆ ಎಳೆದುಕೊಂಡು ಮರಳುಕಾಗದ ಕೈಗೆತ್ತಿಕೊಂಡಳು.

ಹಸೀ ಕಟ್ಟಿಗೆ ಹಾಲಿನಂತೆ ಬೆಳ್ಳಗಿತ್ತು. ಏನೂ ಕಾಣುತ್ತಿರಲಿಲ್ಲ. ಮೂಗಿಗೆ ಹಿಡಿದಳು. ಬಸವಣ್ಣನ ಬೆನ್ನಿನಲ್ಲಿ, ಕಟ್ಟಿಗೆಯ ಸಿಹಿ ವಾಸನೆಯ ಒಳಗೆ, ಅಡಿಕೆ ಸುಣ್ಣದ ಘಾಟು. ನಾಲಗೆಯ ತುದಿ ತಾಗಿಸಿದಳು. ಒಗರು.

ಸಣ್ಣ ಕಾಗದದಲ್ಲಿ ಮೂರು ಸಲ ಉಜ್ಜಿದರೆ ಹೋಗುತ್ತದೆ. ಅವಳಿಗೆ ಗೊತ್ತು. ಒಣ ಕಟ್ಟಿಗೆಯಲ್ಲಿ ಒಗರು ಮೇಲೇ ಇರುತ್ತದೆ, ನೀರು ಬಿದ್ದ ಮೇಲೆಯೇ ಒಳಗಿಳಿಯುವುದು. ಹತ್ತು ಫಲಕಕ್ಕೆ ಮೂರು ಮೂರು ಸಲ. ಯಾರೂ ಹೇಳದೆ ಅವಳು ಎರಡು ವರ್ಷದಿಂದ ಇಂಥದ್ದನ್ನೇ ಮಾಡಿಕೊಂಡು ಬಂದಿದ್ದಳು. ಯರ್ರಿಸ್ವಾಮಿಯ ಗೆರೆ ತಪ್ಪಿದ ಕಡೆ, ಸರ್ವಮಂಗಳಮ್ಮನ ಗೋಂದು ಉಳಿದ ಕಡೆ, ಸಾವ್ಕಾರನ ಮಕ್ಕಳು ಚಾಕಲೇಟು ತಿಂದ ಕೈಲಿ ಮುಟ್ಟಿದ ಕಡೆ, ಎಲ್ಲ ಕಡೆಯೂ ತನ್ನ ಬೆರಳಿನ ಗೆರೆ ಸವೆಸಿ ಇನ್ನೊಬ್ಬರ ಗುರುತು ಅಳಿಸಿದ್ದಳು. ಒಂದು ಸಲ ಉಜ್ಜಿದಳು. ಬಿಳೀ ಹೊಟ್ಟು ಮಡಿಲಿಗೆ ಉದುರಿತು.

ಎರಡನೆಯ ಸಲಕ್ಕೆ ಕೈ ಎತ್ತಿದವಳು ಹಾಗೇ ನಿಂತಳು.

ಮರಳುಕಾಗದವನ್ನು ಸಣ್ಣಗೆ ಹರಿದು ತುಕ್ಕುನೀರಿನ ಮಡಕೆಯೊಳಗೆ ಹಾಕಿದಳು. ಕಟ್ಟಿನಲ್ಲಿ ಉಳಿದಿದ್ದ ಹಾಳೆಗಳನ್ನೂ ಹರಿದು ಹಾಕಿದಳು. ಬ್ರಷ್ಷು ಅದ್ದಿದಳು.

ಬಳಿಯಲು ಹೇಳಿದ್ದ, ಬಳಿದಳು. ಅವಸರ ಮಾಡಲಿಲ್ಲ. ಕೊಂಬಿನ ತಿರುವಿನಲ್ಲಿ ಬ್ರಷ್ಷು ನಿಲ್ಲಿಸಲಿಲ್ಲ, ಹಣೆಪಟ್ಟಿಯ ತೂತು ಬಿಡಲಿಲ್ಲ, ಬಿಲ್ವಪತ್ರೆಯ ಒಂದು ಎಸಳನ್ನೂ ಮರೆಯಲಿಲ್ಲ. ಅಷ್ಟು ಚಂದ ಅವಳು ಯಾವತ್ತೂ ಬಳಿದಿರಲಿಲ್ಲ. ಒಂದೊಂದನ್ನೂ ಬಳಿದು ಷಟರಿನ ಕಡೆ ಮುಖ ಮಾಡಿ ಸಾಲಾಗಿ ನಿಲ್ಲಿಸುತ್ತ ಹೋದಳು.

ಮೂರನೆಯದರಲ್ಲಿ, ಒಂದು ಸಲ ಉಜ್ಜಿದ್ದರಿಂದ, ಬೆನ್ನು ತಟ್ಟಿದ ಅಂಗೈ ಮಸಕಾಗಿ ಎದ್ದಿತು. ನಾಲ್ಕನೆಯದರಲ್ಲಿ ಏನೂ ಇರಲಿಲ್ಲ, ಬರೀ ಬೂದಿ, ಬರೀ ತಂಪು. ಐದನೆಯದರಲ್ಲಿ ಕೊಂಬು ಹಿಡಿದ ಮುಷ್ಟಿ. ಆರು, ಏಳು: ಎರಡೂ ಒಟ್ಟಿಗೆ ಎತ್ತಿದ್ದನೇನೋ, ಒಂದರ ಎಡ ಅಂಚಿನಲ್ಲೂ ಇನ್ನೊಂದರ ಬಲ ಅಂಚಿನಲ್ಲೂ ಬೆರಳು. ಎಂಟನೆಯದರಲ್ಲಿ ಕಣ್ಣಿನ ಮೇಲೇ ಹೆಬ್ಬೆಟ್ಟು, ಚಕ್ರದ ಗೆರೆ ಎಣಿಸಬಹುದಾದಷ್ಟು ನಿಚ್ಚಳ. ಒಂಬತ್ತರಲ್ಲಿ ಕಿರುಬೆರಳಿನ ಉಂಗುರದ ಗೀಟು. ಬಳಿಯುತ್ತ ಬಳಿಯುತ್ತ ಅವಳಿಗೆ ಷೆಡ್ಡಿನ ತುಂಬ ಅವನೇ ಎದ್ದು ಬರುತ್ತಿರುವಂತೆ, ಇಷ್ಟು ಕೈಗಳ ನಡುವೆ ತನಗೆ ಕುಂದ್ರಲು ಮಾತ್ರ ಜಾಗ ಉಳಿದಂತೆ ಆಯಿತು. ಬೆನ್ನು ಬೆವರಿ ಗೋಡೆಗೆ ಅಂಟಿತ್ತು.

ಕೊನೆಯದನ್ನು ತೊಡೆಗೆ ಎಳೆದುಕೊಂಡಾಗ ಹೊರಗೆ ಮಾತು ಕೇಳಿಸಿತು. ಬೇವಿನ ಮರದ ಹತ್ತಿರ ಸಿದ್ದರಾಮೇಶ್ ನಗುತ್ತಿದ್ದ. ಕಾಫಿಯಾದ ಮೇಲಿನ ನಗು. "ಆ ಮಂದಿ ಹಂಗ ರೀ ಅಯ್ಯೋರ, ಒಂದೀಟು ಒಳಗ ಹಾಕಿದ್ರ ಬುದ್ಧಿ ಬರ್ತೈತಿ." ಅಯ್ಯನವರು ಏನೋ ಅಂದರು. ಕಾಗದ ಮಡಿಸಿದ ಸದ್ದು.

ಬ್ರಷ್ಷು ಕೊಂಬು ದಾಟಿತು, ಕಿವಿ ದಾಟಿತು, ಹಣೆ ದಾಟಿತು. ನಿನ್ನೆ ಸಂಜೆ ವಿಡಿಯೊದ ಕೊನೆಗೆ ಅವನು ಈ ಬಸವಣ್ಣನನ್ನೇ ಎದೆಗಪ್ಪಿಕೊಂಡು, ಭಕ್ತಿಯಿಂದ ಕಣ್ಣು ಮುಚ್ಚಿ, ಹಣೆಗೆ ಮುತ್ತು ಕೊಟ್ಟಿದ್ದ. ತಿಪ್ಪಕ್ಕ ಆಗ ಮೂಲೆಯಲ್ಲಿ ಇನ್ನೊಂದು ಆರ್ಡರಿನ ಗೋಂದು ಕೆರೆಯುತ್ತಿದ್ದಳು. ಫಲಕವನ್ನು ಎತ್ತಿ ಸಾಲಿನ ನಡುವೆ, ಎಲ್ಲಕ್ಕಿಂತ ಮುಂದೆ, ಷಟರಿಗೆ ಮೊಳದೂರದಲ್ಲಿ ನಿಲ್ಲಿಸಿದಳು.

ಕೀಲಿ ತಿರುಗಿತು. ಷಟರು ಮೊಣಕಾಲೆತ್ತರಕ್ಕೆ ಎದ್ದು, ತುಕ್ಕಿಗೆ ಸಿಕ್ಕಿಕೊಂಡು ನಿಂತಿತು. ಆ ಸಂದಿಯಲ್ಲಿ ಅಯ್ಯನವರ ಹಾವುಗೆ ಕಂಡವು, ಅವುಗಳ ಪಕ್ಕ ಸಿದ್ದರಾಮೇಶನ ಚಪ್ಪಲಿ. ಅವನು ಷಟರಿಗೆ ಬೈಯುತ್ತ ಹೆಗಲು ಕೊಡುತ್ತಿದ್ದ. ಬಿಸಿಲು ಒಳಗೆ ಬಿದ್ದು ಮುಂದಿನ ಫಲಕದ ಹಣೆಯವರೆಗೆ ಏರಿತು.

ತಿಪ್ಪಕ್ಕ ಬ್ರಷ್ಷು ಹಿಡಿದುಕೊಂಡೇ ಗೋಡೆಗೆ ಒರಗಿ ಕುಂತಿದ್ದಳು. ಬೂದಿ ಬಣ್ಣ ಏರಿತ್ತು. ಅದರ ನಡುವೆ ಎರಡು ತುಟಿ ಬಿಡಿಸಿಕೊಳ್ಳುತ್ತಿದ್ದವು. ಪೂರ್ತಿ ಕಪ್ಪಾಗಲು ಇನ್ನೂ ಒಂದೆರಡು ನಿಮಿಷ ಬೇಕಿತ್ತು.